ಬೆಲ್ಟಿನ ಮೇಲಿನ ಕುಂಕುಮ

ಮೊನ್ನೆ ಆಯುಧಪೂಜೆಯ ಬೆಳಿಗ್ಗೆ ಹಾಲು ತರಲು ಹೋದವನು ಆಟೋ ಸ್ಟ್ಯಾಂಡಿನ ಹತ್ತಿರ ನಿಂತುಬಿಟ್ಟೆ. ಸೇವಂತಿಗೆ ಹಾರ, ಒಡೆದ ಬೂದುಗುಂಬಳಕಾಯಿ, ಊದುಬತ್ತಿ, ಇವುಗಳ ನಡುವೆ ಆಗತಾನೇ ಹಚ್ಚಿದ ಗ್ರೀಸು. ಇಷ್ಟೂ ಸೇರಿ ಒಂದೇ ವಾಸನೆಯಾಗಿ ಬಂದಾಗ ನನಗೆ ಮೊದಲು ನಗು ಬರುತ್ತದೆ, ಆಮೇಲೆ ಕಿವಿ ಬೆಚ್ಚಗಾಗುತ್ತದೆ. ಸ್ಟ್ಯಾಂಡಿನವರು ಕಡ್ಲೆಪುರಿ ಕೊಟ್ಟರು. ಅವರಲ್ಲೊಬ್ಬ ತನ್ನ ಗಾಡಿಯ ಬ್ರೇಕ್ ಪೆಡಲಿಗೂ ಕುಂಕುಮ ಇಟ್ಟಿದ್ದ. ಓಡಿಸುವ ಮೊದಲು ಅದನ್ನು ಒರೆಸಪ್ಪಾ ಎಂದೆ. ಯಾಕೆ ತಾತ, ಕುಂಕುಮ ಕಂಡರೆ ನಿಮಗೆ ಆಗಲ್ವಾ ಎಂದು ಕೇಳಿದ. ಆಗುತ್ತೆ ಕಣಪ್ಪ, ತುಂಬಾ ಆಗುತ್ತೆ, ಅದರಿಂದಲೇ ಒಂದು ಸಲ ಎಡವಟ್ಟಾಗಿತ್ತು ಎಂದು ಹೇಳಿ ಮನೆಗೆ ಬಂದೆ. ಅವನಿಗೆ ಅರ್ಥವಾಗಲಿಲ್ಲ. ಅವನಿಗೆ ಹೇಳದೇ ಬಂದದ್ದನ್ನು ಇಲ್ಲಿ ಬಿಡಿಸಿ ಬರೆಯುತ್ತೇನೆ.

ನನ್ನ ಹೆಸರು ಚೌರಪ್ಪ. ನಮ್ಮದು ಲಷ್ಕರ್ ಮೊಹಲ್ಲಾದಲ್ಲಿ ಅಜ್ಜನ ಕಾಲದಿಂದ ಇರುವ ಕ್ರೈಸ್ತ ಮನೆತನ. ಎಸ್ಸೆಸ್ಸೆಲ್ಸಿ ಮುಗಿಸಿ ಒಂದು ಕಾರ್ಖಾನೆ ಸೇರಿದೆ. ಅಲ್ಲಿ ಭಾರ ಎತ್ತುವ ಸರಪಳಿ, ಕೊಕ್ಕೆ, ಉಕ್ಕಿನ ಹಗ್ಗ, ಬೆಲ್ಟುಗಳನ್ನು ದಿನವೂ ಪರೀಕ್ಷೆ ಮಾಡಿ, ಇದು ಆಗುತ್ತೆ, ಇದು ಆಗಲ್ಲ ಎಂದು ಹೇಳುವುದೇ ನನ್ನ ಕೆಲಸವಾಗಿತ್ತು. ನಿವೃತ್ತನಾದ ಮೇಲೆ ಮನೆಯಲ್ಲಿ ಕೂತು ಸೊಸೆಯ ಬಟ್ಟೆ ಒಣಹಾಕುವ ಹಗ್ಗವನ್ನು ಕೂಡ ಎಳೆದು ನೋಡುತ್ತಿದ್ದೆ. ಅವಳು ರೇಗುತ್ತಿದ್ದಳು. ಅಂಥ ಹೊತ್ತಿನಲ್ಲಿ ಸಭಾಭವನದ ಕೆಲಸಕ್ಕೆ ಕರೆ ಬಂತು.

ಸಭಾಭವನ ನಮ್ಮ ಮನೆಯಿಂದ ಎರಡು ಗಲ್ಲಿ ಆಚೆ. ಹಳೆಯ ಕಟ್ಟಡ, ತೇಗದ ತೊಲೆಗಳ ಮೇಲೆ ಹೆಂಚಿನ ಚಾವಣಿ. ಎಲ್ಲ ಜಾತಿ ಧರ್ಮದವರ ಮದುವೆ ಅಲ್ಲಿ ನಡೆಯುತ್ತಿತ್ತು. ನನ್ನ ಮದುವೆಯ ಊಟವೂ ಅಲ್ಲೇ ಆಗಿತ್ತು. ತೊಲೆಗಳಿಗೆ ಗೆದ್ದಲು ಹಿಡಿದು, ಮಳೆ ಬಂದರೆ ವಧೂವರರ ತಲೆಯ ಮೇಲೆ ಕೊಡೆ ಹಿಡಿಯುವ ಹಾಗಾದಾಗ ಟ್ರಸ್ಟಿನವರು ಚಾವಣಿ ಬಿಚ್ಚಿ ಹೊಸ ತೊಲೆ ಏರಿಸಲು ಹೊರಟರು. ಗಲ್ಲಿ ಎಷ್ಟು ಇಕ್ಕಟ್ಟೆಂದರೆ ಒಂದು ಆಟೋ ನಿಂತರೆ ಎಮ್ಮೆ ತಿರುಗಿ ಹೋಗಬೇಕು. ಕ್ರೇನ್ ಬರುವ ಮಾತೇ ಇರಲಿಲ್ಲ. ಒಳಗೆ ಎರಡು ಕಡೆ ಕಬ್ಬಿಣದ ಪೈಪಿನ ಗೋಪುರ ಕಟ್ಟಿ, ಚೈನ್ ಪುಲ್ಲಿ ತೂಗುಹಾಕಿ, ತೊಲೆಯ ಎರಡೂ ತುದಿಗೆ ಬೆಲ್ಟ್ ಸುತ್ತಿ ಕೈಯಿಂದಲೇ ಎಳೆದು ಏರಿಸಬೇಕಿತ್ತು. ಇಂಜಿನಿಯರ್ ಶೈಲಜಾ ಜಯಲಕ್ಷ್ಮಿಪುರಂನಿಂದ ಸ್ಕೂಟರಿನಲ್ಲಿ ಬರುತ್ತಿದ್ದ ಹುಡುಗಿ. ನನ್ನ ಸೊಸೆಗಿಂತ ಚಿಕ್ಕವಳಿರಬಹುದು. ಸಾಮಾನು ಪರೀಕ್ಷೆಗೆ ಅನುಭವಸ್ಥರು ಬೇಕು ಎಂದು ಅವರು ಕೇಳಿದಾಗ ಯಾರೋ ನನ್ನ ಹೆಸರು ಹೇಳಿದರು.

ಆ ಮಳೆಗಾಲದ ಬೆಳಿಗ್ಗೆಗಳು ನನ್ನ ಬದುಕಿನ ಒಳ್ಳೆಯ ಬೆಳಿಗ್ಗೆಗಳು. ಚಾವಣಿ ಇಲ್ಲದ ಭವನದೊಳಗೆ ಆಕಾಶ ಚೌಕವಾಗಿ ಕಾಣುತ್ತಿತ್ತು. ಹಸಿ ತೇಗದ ಹೊಟ್ಟಿನ ಮೇಲೆ ಸೋನೆ ಬಿದ್ದರೆ ಏಳುವ ಘಮ ಇಡೀ ಗಲ್ಲಿಗೆ ಹರಡುತ್ತಿತ್ತು. ನಾನು ಗೋಣಿತಾಟಿನ ಮೇಲೆ ಬೆಲ್ಟುಗಳನ್ನು ಸಾಲಾಗಿ ಹಾಸಿ, ಒಂದೊಂದನ್ನೂ ಮಡಿಸಿ, ಹೊಲಿಗೆ ಬಿಟ್ಟಿದೆಯೇ, ಎಳೆ ಕತ್ತರಿಸಿದೆಯೇ ಎಂದು ಬೆರಳಾಡಿಸಿ ನೋಡುತ್ತಿದ್ದೆ. ಉಕ್ಕಿನ ಹಗ್ಗದ ಮೇಲೆ ಹತ್ತಿ ಬಟ್ಟೆ ಸವರುತ್ತಿದ್ದೆ. ಒಳಗೆ ಒಂದು ತಂತಿ ತುಂಡಾಗಿದ್ದರೂ ಬಟ್ಟೆ ಸಿಕ್ಕಿಕೊಳ್ಳುತ್ತದೆ. ಕೊಕ್ಕೆಯ ಬಾಯಿ ಅಗಲವಾಗಿದೆಯೇ ನೋಡುತ್ತಿದ್ದೆ. ಆಮೇಲೆ ತೊಲೆಯ ಹತ್ತಿರ ಹೋಗಿ, ಬೆಲ್ಟ್ ಕೂರುವ ಅಂಚಿಗೆ ಗೋಣಿ ಇಟ್ಟಿದ್ದಾರೆಯೇ ಎಂದು ನೋಡುತ್ತಿದ್ದೆ. ಕಲ್ಲಿಗಿಂತ ಮರದ ಅಂಚು ಮೃದು ಎಂದುಕೊಳ್ಳುತ್ತಾರೆ. ಭಾರ ಬಿದ್ದಾಗ ಹೊಸ ತೇಗದ ಅಂಚು ಕತ್ತಿಯ ಹಾಗೆ ಆಡುತ್ತದೆ.

ಎತ್ತುವ ಮೇಸ್ತ್ರಿ ಪುಟ್ಟಸ್ವಾಮಿ. ನಂಜನಗೂಡಿನ ಕಡೆಯ ಹಳ್ಳಿಯಿಂದ ಚಿಕ್ಕಂದಿನಲ್ಲೇ ಬಂದು ಅಶೋಕಪುರಂ ಸೇರಿದವನು. ತಂದೆಯ ಕಾಲಕ್ಕೇ ಬುದ್ಧನ ದಾರಿ ಹಿಡಿದ ಮನೆ. ಭಾರ ತಲೆಯ ಮೇಲೆ ತೂಗುತ್ತಿರುವ ತನಕ ನಗುವುದಿಲ್ಲ. ಉಳಿದ ಹೊತ್ತು ಗೇಲಿ ಮಾಡದೆ ಯಾರನ್ನೂ ಬಿಡುವುದಿಲ್ಲ. ಅವನ ಮಗಳು ಸುಜಾತಳ ಮದುವೆ ಗೊತ್ತಾಗಿತ್ತು. ಹೊಸ ಚಾವಣಿಯ ಕೆಳಗೆ ಮೊದಲ ಮದುವೆ ಅವಳದೇ ಎಂದು ಟ್ರಸ್ಟಿನವರು ಮಾತು ಕೊಟ್ಟಿದ್ದರು. ಪ್ರತಿ ತೊಲೆಗೆ ಬೆಲ್ಟ್ ಸುತ್ತುವಾಗಲೂ ಅದನ್ನೊಮ್ಮೆ ನೆನಪಿಸುತ್ತಿದ್ದ. ಇನ್ನೊಬ್ಬರು ನಂಜುಂಡಾಚಾರಿ, ತೊಲೆಗಳನ್ನು ಕೆತ್ತಿ ಕೂಡಿಸುವ ಬಡಗಿ, ಎಲ್ಲರಿಗೂ ಆಚಾರರು. ನನ್ನದೇ ವಯಸ್ಸು, ಮಾತು ಕಡಿಮೆ, ಬಾಚಿಯನ್ನು ಕೈಯಿಂದ ಇಳಿಸುವಾಗಲೂ ಮಗುವನ್ನು ಮಲಗಿಸಿದ ಹಾಗೆ ಇಳಿಸುತ್ತಿದ್ದರು.

ನನ್ನದೊಂದು ಕಟ್ಟಳೆ ಇತ್ತು. ತೊಲೆಯನ್ನು ನೆಲದಿಂದ ಒಂದು ಗೇಣು ಎತ್ತಿ ನಿಲ್ಲಿಸಬೇಕು. ಎಲ್ಲರೂ ದೂರ ಸರಿಯಬೇಕು. ನಾನು ಮನಸ್ಸಿನಲ್ಲೇ ಒಂದು ನಮೋ ಮರಿಯೆ ಪ್ರಾರ್ಥನೆ ಹೇಳಿ ಮುಗಿಸುವ ತನಕ ಅದು ಅಲ್ಲೇ ತೂಗಬೇಕು. ಏನಾದರೂ ಬಿಚ್ಚುವುದಿದ್ದರೆ ಆ ಒಂದು ಗೇಣಿನಲ್ಲೇ ಬಿಚ್ಚಲಿ ಎಂದು. ಪುಟ್ಟಸ್ವಾಮಿಗೆ ಇದು ಪ್ರತಿ ಸಲವೂ ತಮಾಷೆ.

"ನಿಮ್ಮ ಮಾತೆ ಪ್ರಾರ್ಥನೆ ಉದ್ದ ಆಯ್ತು ಕಣಣ್ಣ. ಅರ್ಧ ಯೋಳಿ, ಮಿಕ್ಕಿದ್ದ ತೊಲೆ ಮ್ಯಾಲೋದ್ಮೇಲೆ ಯೋಳ್ಕೊಳ್ರಿ" ಎನ್ನುತ್ತಿದ್ದ. ಆದರೆ ಒಮ್ಮೆಯೂ ನನ್ನ ತಲೆ ಅಲ್ಲಾಡುವ ಮುಂಚೆ ಸರಪಳಿ ಎಳೆಸಲಿಲ್ಲ.

ಹೀಗೆ ಎರಡು ತೊಲೆ ಏರಿದವು. ದಸರೆ ಬಂತು. ಆಯುಧಪೂಜೆಯ ಹಿಂದಿನ ದಿನ ಸಾಮಾನು ನೋಡುತ್ತಿದ್ದಾಗ ಒಂದು ಹಳದಿ ಬೆಲ್ಟಿನ ಕುಣಿಕೆಯ ಹತ್ತಿರ ಅಂಚು ಕತ್ತರಿಸಿದ್ದು ಬೆರಳಿಗೆ ಸಿಕ್ಕಿತು. ಒಳಗಿನ ಎಳೆ ಹೊರಗೆ ಇಣುಕುತ್ತಿತ್ತು. ಇಂಥದ್ದನ್ನು ಏನು ಮಾಡಬೇಕೆಂದು ನಲವತ್ತು ವರ್ಷದಿಂದ ಗೊತ್ತು: ಅಲ್ಲೇ, ಆಗಲೇ, ಎರಡು ತುಂಡು ಮಾಡಬೇಕು. ಮೂಲೆಯಲ್ಲಿ ಇಟ್ಟರೆ ಅದು ಹೇಗೋ ಎದ್ದು ಬಂದು ಮತ್ತೆ ಭಾರಕ್ಕೆ ಸೇರಿಕೊಳ್ಳುತ್ತದೆ. ಚಾಕು ತೆಗೆದೆ. ಆಚಾರರು ನನ್ನ ಮಣಿಕಟ್ಟು ಹಿಡಿದರು.

"ನಾಳೆ ಆಯುಧಪೂಜೆ ಚೌರಪ್ಪನೋರೇ. ಇವತ್ತು ಸಾಮಾನಿನ ಮೇಲೆ ಚಾಕು ಹಾಕ್ತೀರಾ? ಹಬ್ಬ ಕಳೀಲಿ, ನಾನೇ ಕತ್ತರಿಸ್ಕೊಡ್ತೀನಿ."

ಅವರ ಮುಖ ನೋಡಿದರೆ ಕರು ಕಡಿಯಲು ಹೊರಟವನನ್ನು ತಡೆದ ಹಾಗಿತ್ತು. ಸರಿ ಎಂದೆ. ಕುಣಿಕೆಯ ಹತ್ತಿರ ಕೆಂಪು ಪೇಂಟ್ ಬಳಿದು ಬೆಲ್ಟನ್ನು ಮೂಲೆಗೆ ಎಸೆದೆ. ಕೆಂಪು ಬಳಿದದ್ದು ಬೇಡದ್ದು ಎಂಬುದು ಎಲ್ಲರಿಗೂ ಗೊತ್ತು.

ಮರುದಿನ ಪೂಜೆ. ಆಚಾರರು ಬೆಳಿಗ್ಗೆಯೇ ಬಂದು ಬಾಚಿ, ಉಳಿ, ಗರಗಸ, ಪುಲ್ಲಿ, ಸರಪಳಿ, ಬೆಲ್ಟ್ ಎಲ್ಲವನ್ನೂ ತೊಳೆದು ಹಲಗೆಯ ಮೇಲೆ ಜೋಡಿಸಿದ್ದರು. ಪೂಜೆಗೆ ಒಂದನ್ನೂ ಬಿಡಬಾರದು ಎಂದು ಮೂಲೆಯಲ್ಲಿ ಬಿದ್ದದ್ದನ್ನೂ ತಂದಿದ್ದರು. ಪ್ರತಿ ಬೆಲ್ಟಿನ ಕುಣಿಕೆಯ ಹತ್ತಿರ ಮೂರು ಬೆರಳು ಕುಂಕುಮ, ಗಂಧ, ಮೇಲೆ ಹೂವು. ಶೈಲಜಾ ರೇಷ್ಮೆ ಸೀರೆ ಉಟ್ಟು, ತಲೆಗೆ ಹೆಲ್ಮೆಟ್ ಹಾಕಿಕೊಂಡು ಬಂದದ್ದನ್ನು ನೋಡಿ ಎಲ್ಲರೂ ನಕ್ಕೆವು. ಪುಟ್ಟಸ್ವಾಮಿ ಕೈಮುಗಿಯದೆ ಪಕ್ಕದಲ್ಲಿ ನಿಂತಿದ್ದ. ಕಡ್ಲೆಪುರಿ ಹಂಚುವಾಗ ಮಾತ್ರ ಅವನೇ ಮುಂದೆ. ನಾನು ಮಂಗಳಾರತಿಗೆ ಕೈಯೊಡ್ಡಿದೆ. ಮಾರನೇ ದಿನ ವಿಜಯದಶಮಿ. ಮೊಮ್ಮಕ್ಕಳನ್ನು ಹೆಗಲಿನ ಮೇಲೆ ಕೂರಿಸಿಕೊಂಡು ಜಂಬೂಸವಾರಿ ನೋಡಲು ಹೋದೆ. ಅವರಿಗೆ ಆನೆ ಕಂಡಿತೋ ಇಲ್ಲವೋ, ನನಗೆ ಜನರ ಬೆನ್ನು ಕಂಡಿತು.

ಶನಿವಾರ ಕೆಲಸ ಶುರು. ಮೂರನೆಯ ತೊಲೆ ಏರಬೇಕು. ಬೆಲ್ಟುಗಳು ಪೂಜೆಯಲ್ಲಿದ್ದ ಹಾಗೆಯೇ ಇದ್ದವು, ಕುಂಕುಮ ಒಣಗಿ ಅಂಟಿಕೊಂಡಿತ್ತು. ಒಂದೊಂದನ್ನೂ ಒರೆಸಿ, ಮಡಿಸಿ, ಬೆರಳಾಡಿಸಬೇಕು. ಬಟ್ಟೆ ಕೈಯಲ್ಲೇ ಇತ್ತು. ಆಚಾರರು ಎದುರಿಗೇ ನಿಂತಿದ್ದರು. ಕ್ರೈಸ್ತನಾದ ನಾನು, ಇವರು ಭಕ್ತಿಯಿಂದ ಇಟ್ಟ ಕುಂಕುಮವನ್ನು ಇವರ ಎದುರಿಗೇ ಹೇಗೆ ಅಳಿಸಲಿ? ನಮ್ಮ ಊರ ಕಡೆ ಕುಂಕುಮ ಅಳಿಸುವುದು ಎಂಬ ಮಾತೇ ಕೆಟ್ಟದ್ದು. ಬೇಡ ಎನಿಸಿತು. ಹೂವು ಮಾತ್ರ ಎತ್ತಿಟ್ಟು, ನಿಂತಲ್ಲಿಂದಲೇ ಕಣ್ಣಾಡಿಸಿ, ಎಲ್ಲ ಸರಿ ಇದೆ ಎಂದೆ.

ಇಷ್ಟು ವರ್ಷ ಇದನ್ನು ಗೌರವ ಎಂದೇ ಹೇಳಿಕೊಂಡು ಬಂದಿದ್ದೇನೆ. ಅರ್ಧ ಗೌರವ ಹೌದು. ಉಳಿದರ್ಧ ಹಬ್ಬದ ಸೋಮಾರಿತನ. ಬಗ್ಗಿದರೆ ಸೊಂಟ ನೋಯುತ್ತಿತ್ತು. ಗೌರವ ಒಳ್ಳೆಯ ನೆಪವಾಗಿ ಒದಗಿತು.

ಪುಟ್ಟಸ್ವಾಮಿ ನನ್ನ ಮಾತು ನಂಬಿ ಬೆಲ್ಟ್ ಸುತ್ತಿದ. ಒಂದು ಗೇಣು ಎತ್ತಿಸಿದೆ. ಎಲ್ಲರೂ ಸರಿದರು. ಪ್ರಾರ್ಥನೆಯ ನಡುವೆ ಇದ್ದೆ. ಬಟ್ಟೆ ಅಂಗಡಿಯಲ್ಲಿ ಥಾನು ಹರಿದಂಥ ಸದ್ದು ಬಂತು. ತೊಲೆಯ ಒಂದು ತುದಿ ಧಬ್ ಎಂದು ನೆಲಕ್ಕೆ ಬಿತ್ತು. ಮೂಲೆಯಲ್ಲಿ ಅಂಗೈಯಷ್ಟು ಚಕ್ಕೆ ಹಾರಿತು, ನೆಲದ ಕಲ್ಲು ಬಿರಿಯಿತು. ಯಾರಿಗೂ ಒಂದು ತರಚು ಗಾಯವೂ ಆಗಲಿಲ್ಲ.

ಆಮೇಲೆ ಎಲ್ಲರೂ ಒಟ್ಟಿಗೆ ನನ್ನನ್ನು ಹೊಗಳತೊಡಗಿದರು. ಆ ಒಂದು ಗೇಣು ಇಲ್ಲದಿದ್ದರೆ ಏನಾಗುತ್ತಿತ್ತು, ಹಿರಿಯರು ಅಂದರೆ ಹಿರಿಯರು. ಟ್ರಸ್ಟಿನ ಕಾರ್ಯದರ್ಶಿ ಸದ್ದು ಕೇಳಿ ಓಡಿಬಂದವರು, ವಿಷಯ ತಿಳಿದು ಓಡಿಹೋಗಿ ಒಂದು ಶಾಲು ತಂದು ನನಗೆ ಹೊದಿಸಿಯೇಬಿಟ್ಟರು. ಮೈಸೂರಿನಲ್ಲಿ ಸನ್ಮಾನಕ್ಕೆ ಶಾಲು ಹುಡುಕಬೇಕಾಗಿಲ್ಲ, ಯಾವ ಆಫೀಸಿನ ಬೀರು ತೆಗೆದರೂ ಒಂದು ಇರುತ್ತದೆ. ಹೊಗಳಿಕೆ ಎಷ್ಟು ಸಿಹಿಯಾಗಿತ್ತೆಂದು ಈಗ ಬರೆಯಲು ನಾಚಿಕೆಯಾಗುತ್ತದೆ.

ಹರಿದ ಬೆಲ್ಟ್ ನನ್ನ ಕಾಲ ಬಳಿಯೇ ಬಿದ್ದಿತ್ತು. ಅದರ ಕುಂಕುಮದ ನಡುವೆ ಪೇಂಟಿನ ಹೊಳಪು ನನಗೆ ಕಾಣುತ್ತಿತ್ತು. ನನಗೊಬ್ಬನಿಗೇ. ಅದನ್ನು ಕಾಲಿನಿಂದ ಗೋಣಿತಾಟಿನ ಕೆಳಗೆ ತಳ್ಳಿದೆ. ನನ್ನ ತಪ್ಪು ಯಾವುದು ಎಂದು ಯಾರಾದರೂ ಕೇಳಿದರೆ, ಒರೆಸದೆ ಬಿಟ್ಟದ್ದಕ್ಕಿಂತ ಮೊದಲು ಈ ಕಾಲನ್ನು ತೋರಿಸುತ್ತೇನೆ.

ಶೈಲಜಾ ಹೆದರಿ ಬಿಳಿಚಿಕೊಂಡಿದ್ದರು. ಬೆಲ್ಟ್ ಕಟ್ಟಿದ್ದು ಯಾರು ಎಂದು ಕೇಳಿದರು. ನಾನೇ ಎಂದ ಪುಟ್ಟಸ್ವಾಮಿ. ಕಟ್ಟುವ ಮುಂಚೆ ನೋಡಲಿಲ್ಲವೇ ಎಂದರು. ಅವನು ನನ್ನ ಕಡೆ ತಿರುಗಿದ. ನಾನು ಶಾಲಿನ ಅಂಚು ಸರಿಮಾಡಿಕೊಂಡೆ. ಸೋಮವಾರದಿಂದ ಬರಬೇಡಿ ಎಂದು ಅವರು ಹೇಳಿದಾಗ ಪುಟ್ಟಸ್ವಾಮಿ ವಾದ ಮಾಡಲಿಲ್ಲ. ಹೆಗಲ ಟವೆಲ್ಲನ್ನು ಕೊಡವಿ ಮಡಿಸಿದ.

"ಆಗ್ಲಿ ಮೇಡಂ. ಆದ್ರೆ ನನ್ನ ಓಡಿಸಿದ ಚಾವಣಿ ಕೆಳಗೆ ನನ್ನ ಮಗಳ ಮದುವೆ ಆಗಾಕಿಲ್ಲ. ಅದನ್ನೂ ಬರ್ಕೊಂಬುಡಿ."

ಅವನು ಬಾಗಿಲು ದಾಟಿ ಹೋಗುವುದನ್ನು ಶಾಲು ಹೊದ್ದು ನೋಡಿದೆ.

ಭಾನುವಾರ ಚರ್ಚಿನಲ್ಲಿ ಬಲಿಪೂಜೆಗೆ ಮುಂಚೆ ಪಾಪನಿವೇದನೆಗೆ ಹೋದೆ. ಫಾದರ್ ಎಲ್ಲವನ್ನೂ ಕೇಳಿದರು. ಅವರ ಧ್ವನಿಯಲ್ಲಿ ಕೋಪವಿರಲಿಲ್ಲ, ನಿದ್ದೆ ಕೆಟ್ಟ ದಣಿವಿತ್ತು.

"ದೇವರಿಗೆ ಹೇಳಿದಿರಿ, ಸರಿ. ಬೆಲ್ಟ್ ಕಟ್ಟಿದವನು ದೇವರಲ್ಲವಲ್ಲ ಚೌರಪ್ಪ. ಅವನ ಮನೆ ಎಲ್ಲಿ?"

ಪೂಜೆ ಮುಗಿದ ಕೂಡಲೇ ಬಸ್ಸು ಹಿಡಿದು ಅಶೋಕಪುರಂಗೆ ಹೋದೆ. ಪುಟ್ಟಸ್ವಾಮಿ ಜಗಲಿಯ ಮೇಲೆ ಕೂತು ಬಟಾಣಿ ಸುಲಿಯುತ್ತಿದ್ದ. ಸುಜಾತ ಕಾಫಿ ತಂದಿಟ್ಟಳು. ಅವಳ ಮುಖ ನೋಡಲಾಗದೆ ಲೋಟ ನೋಡಿಕೊಂಡೇ ಎಲ್ಲ ಹೇಳಿದೆ: ಪೇಂಟು, ಕುಂಕುಮ, ಗೋಣಿ, ಕಾಲು. ಅವನು ಕೊನೆಯ ಬಟಾಣಿಯ ತನಕ ಸುಲಿದು ಮುಗಿಸಿದ.

"ನನ್ ಮುಂದೆ ಯಾಕ್ ಯೋಳ್ತೀರಿ? ನಾನು ಸುತ್ತಿದ್ದು ಸರಿ ಇತ್ತು ಅಂತ ನಂಗೆ ಗೊತ್ತು. ಗೊತ್ತಿಲ್ದೇ ಇರೋದು ಅಲ್ಲಿರೋರ್ಗೆ. ಅಲ್ಲೋಗಿ ಯೋಳಿ." ಆಮೇಲೆ ಸ್ವಲ್ಪ ಯೋಚಿಸಿ, "ನಾನೂ ಬತ್ತೀನಿ. ನೀವು ನೆಟ್ಗೆ ಯೋಳ್ತೀರೋ, ಅರ್ಧ ನುಂಗ್ತೀರೋ ನೋಡ್ಬೇಕು" ಎಂದ.

ಒಳಗಿನಿಂದ ಅವನ ಹೆಂಡತಿ, ಬಂದೋರಿಗೆ ತಿಂಡಿ ಕೊಡದೆ ಜಗಳ ಮಾಡಬೇಡ ಎಂದು ಕೂಗಿದರು. ಇಡ್ಲಿ ತಿಂದೆ. ಅಷ್ಟು ಕಷ್ಟಪಟ್ಟು ಇಡ್ಲಿ ನುಂಗಿದ್ದು ಅದೇ ಮೊದಲು.

ಸೋಮವಾರ ಪುಟ್ಟಸ್ವಾಮಿ ಒಳಗೆ ಬರಲಿಲ್ಲ. ಗೇಟಿನ ಆಚೆ ಚಹಾ ಲೋಟ ಹಿಡಿದು ನಾಟಕ ನೋಡುವವನ ಹಾಗೆ ನಿಂತ. ನಾನು ಗೋಣಿಯ ಕೆಳಗಿನಿಂದ ಬೆಲ್ಟ್ ತೆಗೆದೆ. ಒರೆಸಲು ಬಟ್ಟೆ ಹುಡುಕಿದೆ. ಹಿಂದಿರುಗಿಸಬೇಕೆಂದು ತಂದಿದ್ದ ಶಾಲು ಚೀಲದಲ್ಲಿತ್ತು. ಅದನ್ನೇ ಬಕೆಟ್ಟಿನಲ್ಲಿ ಅದ್ದಿ ಎಲ್ಲರೆದುರು ಬೆಲ್ಟನ್ನು ಉಜ್ಜಿದೆ. ಕುಂಕುಮ ಹೋಯಿತು. ಕೆಂಪು ಪೇಂಟ್ ಉಳಿಯಿತು.

"ಬುಧವಾರವೇ ನಾನು ಬೇಡ ಅಂದಿದ್ದ ಬೆಲ್ಟ್ ಇದು. ಕತ್ತರಿಸಲಿಲ್ಲ. ಶನಿವಾರ ಒರೆಸಲಿಲ್ಲ. ಸರಿ ಇದೆ ಅಂತ ಹೇಳಿದ್ದು ನಾನು. ಪುಟ್ಟಸ್ವಾಮಿ ನನ್ನ ಮಾತು ನಂಬಿ ಕಟ್ಟಿದ. ಆಮೇಲೆ ಇದನ್ನ ಬಚ್ಚಿಟ್ಟಿದ್ದೂ ನಾನೇ."

ಶೈಲಜಾ ಬೆಲ್ಟನ್ನು ತೆಗೆದುಕೊಂಡು ಪೇಂಟಿನ ಮೇಲೆ ಬೆರಳಾಡಿಸಿದರು. ಬೈಯುತ್ತಾರೆ ಎಂದುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು. "ನೀವು ಹೇಳದೇ ಇದ್ದಿದ್ರೆ, ನಾಳೆನೂ ನಿಮ್ಮ ಮಾತು ನಂಬಿ ಎತ್ತಿಸ್ತಿದ್ದೆ ಅಂಕಲ್" ಎಂದರು. ಅಷ್ಟೇ. ಆ ಮಾತಿನಷ್ಟು ಭಾರವನ್ನು ನಾನು ಯಾವ ಕೊಕ್ಕೆಯಲ್ಲೂ ಎತ್ತಿಸಿರಲಿಲ್ಲ.

ಆಮೇಲೆ ಆದದ್ದನ್ನು ನಾನು ಎಣಿಸಿರಲಿಲ್ಲ. ಆಚಾರರು ಬಂದು ನನ್ನ ಕೈಯಿಂದ ಒದ್ದೆ ಶಾಲನ್ನು ತೆಗೆದುಕೊಂಡರು. ಚಾಕು ಹಿಡಿದ ಕೈ ತಡೆದವನು ನಾನು, ಪೂಜೆಗೆ ಆ ಬೆಲ್ಟನ್ನು ತಂದವನೂ ನಾನು ಎಂದರು. ನೆಲದ ಮೇಲೆ ಕೂತು, ಉಳಿದ ಬೆಲ್ಟುಗಳ ಮೇಲೆ ತಾವೇ ಇಟ್ಟಿದ್ದ ಕುಂಕುಮವನ್ನು ತಾವೇ ಒಂದೊಂದಾಗಿ ಒರೆಸತೊಡಗಿದರು. "ಇಟ್ಟ ಕೈ ಒರೆಸಿದ್ರೆ ದೋಷ ಇಲ್ಲ. ನನ್ನನ್ನೇ ಕೇಳಿದ್ರೆ ಅವತ್ತೇ ಒರೆಸ್ತಿದ್ನಲ್ಲ ಚೌರಪ್ಪನೋರೇ" ಎಂದರು. ಕೇಳುವುದು ಅಷ್ಟು ಸುಲಭವಾಗಿತ್ತು. ಪಕ್ಕದಲ್ಲಿ ಕೂತು ನಾನು ಅವರು ಒರೆಸಿದ್ದನ್ನೆಲ್ಲ ಮಡಿಸಿ ಬೆರಳಾಡಿಸಿದೆ. ಸೊಂಟ ನೋಯಿತು. ಹಾಯಾಗಿತ್ತು.

ಶೈಲಜಾ ಗೇಟಿನ ತನಕ ನಡೆದುಹೋಗಿ, ವಿಚಾರಿಸದೆ ಕಳಿಸಿದ್ದು ನನ್ನ ತಪ್ಪು ಎಂದು ಪುಟ್ಟಸ್ವಾಮಿಯ ಕ್ಷಮೆ ಕೇಳಿದರು. ನಾನೂ ಹಿಂದೆಯೇ ಹೋಗಿ ಅವನ ಕೈ ಹಿಡಿದೆ. ಅವನು ಖಾಲಿ ಲೋಟವನ್ನು ನನ್ನ ಕೈಗಿಟ್ಟ.

"ನೆಟ್ಗೇ ಯೋಳುದ್ರಿ. ಆದ್ರೆ ಇನ್ಮೇಲೆ ನೀವು ಸರಿ ಅಂದಿದ್ದನ್ನ ನಾನೂ ಒಂದ್ಸಲ ಮುಟ್ಟಿ ನೋಡ್ತೀನಿ. ಬೇಜಾರ್ ಮಾಡ್ಕೋಬಾರ್ದು."

ಅದೇ ಅಲ್ಲಿನ ಹೊಸ ಕಟ್ಟಳೆಯಾಯಿತು. ನಾನು ನೋಡುವುದು, ಅವನು ನೋಡುವುದು, ಇಬ್ಬರೂ ತಲೆಯಾಡಿಸಿದರೆ ಮಾತ್ರ ಸರಪಳಿ. ಬೇಡ ಎನಿಸಿದ್ದು ಹಬ್ಬವಿರಲಿ ಹರಿದಿನವಿರಲಿ ಆಗಲೇ ಎರಡು ತುಂಡು. ಮೊದಲನೆಯದನ್ನು ಆಚಾರರು ತಮ್ಮ ಉಳಿಯಿಂದಲೇ ಕತ್ತರಿಸಿದರು. ಮೂರನೆಯ ತೊಲೆ ಮರುದಿನ ಏರಿತು. ಪ್ರಾರ್ಥನೆಯ ಹೊತ್ತಿನಲ್ಲಿ ಪುಟ್ಟಸ್ವಾಮಿ ಬಾಯಿ ಬಿಡಲಿಲ್ಲ. ಮುಗಿದ ಮೇಲೆ, ಇವತ್ತು ಎರಡು ಸಲ ಹೇಳಿಕೊಂಡಿರಿ ಅನ್ನಿಸುತ್ತೆ ಎಂದ. ಹೌದು, ಎರಡು ಸಲ ಹೇಳಿಕೊಂಡಿದ್ದೆ. ಹಾರಿದ ಚಕ್ಕೆಯ ಜಾಗಕ್ಕೆ ತೇಪೆ ಹಾಕುವುದಾಗಿ ಆಚಾರರು ಹೇಳಿದಾಗ, ಬೇಡ, ಹಾಗೇ ಇರಲಿ ಎಂದು ನಾನೇ ಕೇಳಿಕೊಂಡೆ.

ಕಾರ್ತಿಕದ ಹೊತ್ತಿಗೆ ಮಳೆ ಹಿಂದೆ ಸರಿಯಿತು. ಬೆಳಗಿನ ಹೊತ್ತು ಪೈಪಿನ ಗೋಪುರದ ಮೇಲಿಂದ ಚಾಮುಂಡಿ ಬೆಟ್ಟ ತೊಳೆದಿಟ್ಟ ಹಾಗೆ ಕಾಣುತ್ತಿತ್ತು. ತೊಲೆಯ ಮೇಲೆ ರೀಪು, ರೀಪಿನ ಮೇಲೆ ಹೆಂಚು. ಕೊನೆಯ ಸಾಲಿನ ಹೆಂಚು ಕೂರುವ ದಿನ ಗಲ್ಲಿಯವರೆಲ್ಲ ಒಳಗೆ ಬಂದು ತಲೆಯೆತ್ತಿ ನಿಂತರು. ಆಕಾಶದ ಚೌಕ ಕಿರಿದಾಗುತ್ತಾ ಹೋಗಿ ಮುಚ್ಚಿತು. ಯಾರೋ ಚಪ್ಪಾಳೆ ತಟ್ಟಿದರು. ಕ್ರಿಸ್ಮಸ್ಸಿಗೆ ನನ್ನ ಹೆಂಡತಿ ಕರಿದ ಸಿಹಿ ಕಲ್ಕಲ್‌ನ ಡಬ್ಬಿ ಭವನದ ಮೆಟ್ಟಿಲ ಮೇಲೆಯೇ ಖಾಲಿಯಾಯಿತು.

ಸಂಕ್ರಾಂತಿ ಕಳೆದು ಸುಜಾತಳ ಮದುವೆ. ಬಿಳಿ ಸೀರೆ ಉಟ್ಟು, ಬುದ್ಧನ ಮೂರ್ತಿಯ ಮುಂದೆ ಮೇಣದ ಬತ್ತಿ ಹಚ್ಚಿ, ಅವಳೂ ಗಂಡನೂ ಒಬ್ಬರಿಗೊಬ್ಬರು ಹಾರ ಹಾಕಿಕೊಂಡರು. ಆಚಾರರು ಜರಿ ಪಂಚೆಯಲ್ಲಿ, ಶೈಲಜಾ ಅದೇ ರೇಷ್ಮೆ ಸೀರೆಯಲ್ಲಿ, ಈ ಸಲ ಹೆಲ್ಮೆಟ್ ಇಲ್ಲದೆ. ನಾನು ಹಿಂದಿನ ಸಾಲಿನಲ್ಲಿ ಗೋಡೆಯ ಪಕ್ಕ ಕೂತಿದ್ದೆ. ಆ ಶಾಲು ಮನೆಯಲ್ಲೇ ಇತ್ತು. ಎಷ್ಟು ಒಗೆದರೂ ಕುಂಕುಮದ ಬಣ್ಣ ಬಿಟ್ಟಿಲ್ಲ, ಇವತ್ತಿಗೂ.

ಊಟದ ಪಂಕ್ತಿ ಶುರುವಾದಾಗ ಪುಟ್ಟಸ್ವಾಮಿ ಬಂದು ನನ್ನ ತೋಳು ಹಿಡಿದು ಎಬ್ಬಿಸಿದ. ಬೀಗರ ಸಾಲನ್ನು ದಾಟಿಸಿ, ಭವನದ ನಡುವೆ ಒಂದು ಎಲೆಯ ಮುಂದೆ ನಿಲ್ಲಿಸಿದ. ಮೇಲೆ ನೋಡಿದೆ. ಮೂಲೆಯ ಚಕ್ಕೆ ಹಾರಿದ ತೊಲೆ, ನೇರ ತಲೆಯ ಮೇಲೆ.

"ಇಲ್ಲೇ ಕೂತ್ಕೊಳ್ಳಿ" ಎಂದ.

ಬೀಗರಲ್ಲೊಬ್ಬರು ಇವರು ಯಾರು ಎಂದು ಕೇಳಿದರು. ಈ ತೊಲೆಯನ್ನು ಬೀಳಿಸಿದವರೂ ಇವರೇ, ಕೂರಿಸಿದವರೂ ಇವರೇ ಎಂದು ಪುಟ್ಟಸ್ವಾಮಿ ಇಡೀ ಸಾಲಿಗೆ ಕೇಳಿಸುವಂತೆ ಹೇಳಿದ. ಬೀಗರು ಒಮ್ಮೆ ಮೇಲೆ ನೋಡಿ ತಮ್ಮ ಎಲೆಯನ್ನು ಸ್ವಲ್ಪ ಆಚೆ ಸರಿಸಿಕೊಂಡರು. ಸುತ್ತ ನಗು ಎದ್ದಿತು. ನಾನು ಕೂತೆ. ಬಡಿಸುವವರು ಬಂದರು, ಹೋದರು. ನನ್ನ ಕಣ್ಣು ಮಾತ್ರ ತೊಲೆ ಗೋಡೆಗೆ ಕೂಡಿದ ಕಡೆ, ಅಲ್ಲಿಂದ ಇನ್ನೊಂದು ತುದಿಗೆ, ಮತ್ತೆ ಅಲ್ಲಿಂದ ಇಲ್ಲಿಗೆ ಓಡಾಡುತ್ತಿತ್ತು. ತುಟಿ ತಾನಾಗಿ ಪ್ರಾರ್ಥನೆ ಶುರುಮಾಡಿತ್ತು.

ಪುಟ್ಟಸ್ವಾಮಿ ಬಗ್ಗಿ ಕಿವಿಯ ಹತ್ತಿರ ಹೇಳಿದ: "ನಾನೂ ಮುಟ್ಟಿ ನೋಡಿವ್ನಿ ಕಣಣ್ಣ. ಮ್ಯಾಲೆ ನೋಡಿದ್ದು ಸಾಕು, ಎಲೆ ನೋಡಿ. ಪಾಯಸ ಆಚ್ಗೆ ಅರ್ದೋಯ್ತಾ ಐತೆ."

ಅಂಗೈ ಅಡ್ಡ ಹಿಡಿದು ಪಾಯಸ ತಡೆದೆ.